ಕ್ಲಾಸ್ ಮುಗಿದ ಕೂಡಲೇ ಬಂದ ಮಾರ್ಕ್ಸ್ ನಂಬಬೇಡಿ

ಹೋಮ್‌ಸ್ಟೇಯವರಿರ್ಲಿ, ಸಹಕಾರ ಸಂಘದವರಿರ್ಲಿ, ಕಾಲೇಜಿನವರಿರ್ಲಿ, ಸೈಬರ್ ಸೆಕ್ಯುರಿಟಿ ಕ್ಲಾಸ್ ಮಾಡಿ ಅಂತ ಕರೆಯೋರು ಕೇಳೋದು ಒಂದೇ: "ಸರ್, ಆನ್‌ಲೈನಲ್ಲಿ ಒಂದು ಗಂಟೆ ಮಾಡಿ, ಕೊನೇಲಿ ಕ್ವಿಜ್ ಇಟ್ಟು ಎಲ್ರಿಗೂ ಸರ್ಟಿಫಿಕೇಟ್ ಕೊಟ್ಬಿಡಿ." ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು ಬಂದ್ರೆ ನಮ್ಮೋರು ಇನ್ನು ಮೋಸ ಹೋಗಲ್ಲ ಅಂತ ಅವರ ಲೆಕ್ಕ. ಇದು ತಪ್ಪು ಲೆಕ್ಕ ಅಂತ ಎಷ್ಟು ಹೇಳಿದ್ರೂ ಮತ್ತೆ ಅದೇ ಬೇಡಿಕೆ ಬರುತ್ತೆ. ಓಟಿಪಿ ಹೇಳಬೇಡಿ, ಪಾಸ್‌ವರ್ಡ್ ಕೊಡಬೇಡಿ ಅನ್ನೋದು ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಪಾಠ ಕೇಳಿದ ಐದು ನಿಮಿಷಕ್ಕೆ ಯಾರನ್ನ ಕೇಳಿದ್ರೂ ಸರಿಯಾಗೇ ಹೇಳ್ತಾರೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನ ಚೆನ್ನಾಗಿ ತೋರಿಸಿದ್ರು. ಒಂದು ಗುಂಪು ಒಂದೇ ಪಾಠವನ್ನ ಮತ್ತೆ ಓದ್ತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ರು, ಆದ್ರೆ ವಾರ ಕಳೆದು ಕೇಳಿದ್ರೆ ಲೆಕ್ಕ ತಲೆಕೆಳಗಾಗಿತ್ತು, ಮುಚ್ಚಿಟ್ಟು ಬರೆದವರಿಗೇ ಜಾಸ್ತಿ ನೆನಪಿತ್ತು. ಅಂದ್ರೆ ಕ್ಲಾಸ್ ಮುಗಿದ ಕೂಡಲೇ ತಗೊಳ್ಳೋ ಮಾರ್ಕ್ಸ್ ನೋಡಿ ಯಾರು ಕಲಿತ್ರು ಅಂತ ತೀರ್ಮಾನ ಮಾಡೋಕೆ ಆಗಲ್ಲ, ಕೆಲವು ಸಲ ಅದು ಉಲ್ಟಾನೇ ಹೇಳುತ್ತೆ. ವಿಡಿಯೋ ಎರಡು ಸಲ ನೋಡಿದೀನಿ ಸರ್ ಅನ್ನೋರಿಗೂ ಇದೇ ಉತ್ತರ. ವಾರ ಬಿಟ್ಟು ಕೇಳಿ, ತಿಂಗಳು ಬಿಟ್ಟು ಮತ್ತೆ ಕೇಳಿ, ಆಗ ಬರೋ ಉತ್ತರ ನಿಜವಾದದ್ದು.

ಮಡಿಕೇರಿ ಹತ್ರ ಹೋಮ್‌ಸ್ಟೇ ನಡೆಸೋ ಒಬ್ರು ಅಕ್ಕ ಇದಾರೆ, ಕ್ವಿಜ್‌ನಲ್ಲಿ ಎಲ್ಲಾ ಸರಿ ಬರೆದಿದ್ರು, ದುಡ್ಡು ಬರೋಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ ಅನ್ನೋದನ್ನೂ ಸೇರಿಸಿ. ಆಮೇಲೊಂದು ಶನಿವಾರ ಮನೆ ತುಂಬ ಗೆಸ್ಟು, ಅಡುಗೆಮನೇಲಿ ಕಡುಬು ಬೇಯ್ತಾ ಇದೆ, ಆಗ ಫೋನ್ ಬಂತು. ಆರ್ಮಿ ಮೇಜರ್ ಅಂತೆ, ನಾಲ್ಕು ರೂಮ್ ಬೇಕಂತೆ, ಆರ್ಮಿ ರೂಲ್ ಪ್ರಕಾರ ನೀವು ಮೊದಲು ಒಂದು ರೂಪಾಯಿ ಹಾಕಿದ್ರೆ ನಾವು ಎರಡು ವಾಪಸ್ ಹಾಕ್ತೀವಿ ಅಂತೆ. ಎರಡು ರೂಪಾಯಿ ಬಂದೇ ಬಂತು. ಆಮೇಲೆ ಅಡ್ವಾನ್ಸ್‌ನಷ್ಟೇ ಮೊತ್ತಕ್ಕೆ ಕ್ಯೂಆರ್ ಕಳಿಸಿದ್ರು, ಅಕ್ಕ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರು, ದುಡ್ಡು ಬರೋ ಬದಲು ಹೋಯ್ತು. ಅವರ ಗಂಡ ಸೇನೆಯಿಂದ ರಿಟೈರ್ ಆದವರು. ಮನೆಮನೇಲೂ ಸೈನಿಕರಿರೋ ಈ ಜಿಲ್ಲೇಲಿ ಮೇಜರ್ ಅಂದ ಕೂಡಲೇ ಜನ ದನಿ ತಗ್ಗಿಸಿ ಮಾತಾಡ್ತಾರೆ, ಕಳ್ಳನಿಗೆ ಅದು ಗೊತ್ತು. "ನಂಗೆ ಗೊತ್ತಿತ್ತಲ್ಲ ಸರ್, ಗೊತ್ತಿದ್ದೂ ಒತ್ತಿಬಿಟ್ಟೆ" ಅಂತ ಅವರು ಅತ್ತಿದ್ದು ನನ್ನ ಕಿವೀಲೇ ಇದೆ. ಆ ಅಕ್ಕನ್ನ ದಡ್ಡಿ ಅನ್ನೋರ ಮೇಲೆ ನಂಗೆ ಸಿಟ್ಟು ಬರುತ್ತೆ. ಅವರು ಕಲಿತಿದ್ದು ಕುರ್ಚಿ ಮೇಲೆ ಕೂತು, ಬೇಕಾಗಿದ್ದು ಒಲೆ ಮುಂದೆ.

ಇಂಥ ತರಬೇತಿ ಎಷ್ಟು ದಿನ ಉಳಿಯುತ್ತೆ ಅನ್ನೋದ್ರ ಮೇಲೆ ಸಂಶೋಧನೆ ಬೇಕಾದಷ್ಟಿದೆ. ಪೊನ್ನುರಂಗಂ ಕುಮಾರಗುರು ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊತೆಗಾರರು 2009ರಲ್ಲಿ 515 ಜನರ ಮೇಲೆ ನೋಡಿದಾಗ, ಪರೀಕ್ಷೆಗೆ ಅಂತ ಕಳಿಸಿದ ನಕಲಿ ಇಮೇಲ್‌ನ ಲಿಂಕ್ ಒತ್ತಿದ ಆ ಕ್ಷಣದಲ್ಲೇ ಹೇಳಿಕೊಟ್ಟದ್ದು 28 ದಿನ ಆದ್ಮೇಲೂ ಉಳಿದಿತ್ತು. ಜರ್ಮನಿಯ ಒಂದು ಸರ್ಕಾರಿ ಸಂಸ್ಥೆಯ ನೌಕರರ ಮೇಲಿನ 2020ರ ಅಧ್ಯಯನದಲ್ಲಿ ತರಬೇತಿಯ ಫಲ ನಾಲ್ಕು ತಿಂಗಳಿಗೆ ಇತ್ತು, ಆರು ತಿಂಗಳಿಗೆ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 14 ಸಾವಿರಕ್ಕೂ ಹೆಚ್ಚು ಜನರನ್ನ 15 ತಿಂಗಳು ನೋಡಿ, ಒತ್ತಿದ ಮೇಲೆ ಪಾಠದ ಪುಟ ತೋರಿಸೋದ್ರಿಂದ ಉಪಯೋಗ ಕಾಣಲಿಲ್ಲ ಅಂದ್ರು, ಆದ್ರೆ ಅನುಮಾನ ಬಂದ ಇಮೇಲನ್ನ ನೌಕರರೇ ರಿಪೋರ್ಟ್ ಮಾಡೋ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡ್ತು. ಹೀಗೆ ಒಂದಕ್ಕೊಂದು ತಾಳೆ ಆಗದ ಫಲಿತಾಂಶಗಳೂ ಇವೆ, ಇವೆಲ್ಲ ಇಮೇಲ್‌ಗಳ ಮೇಲಿನದ್ದು, ನಮ್ಮಲ್ಲಿ ಮೋಸ ಬರೋದು ಫೋನ್‌ನಲ್ಲಿ, ಹಾಗಾಗಿ ಇದನ್ನ ಹಾಗೇ ಎತ್ತಿ ಕೊಡಗಿಗೆ ಹಾಕೋಕೆ ಆಗಲ್ಲ.

ಆದ್ರೂ ನಾನು ಮಾಡಿಸೋದು ಇಷ್ಟು. ಒಂದು ಗಂಟೆಯ ಕ್ಲಾಸನ್ನ ಹತ್ತತ್ತು ನಿಮಿಷಕ್ಕೆ ಒಡೆದು ವಾರಗಳ ಮೇಲೆ ಹರಡ್ತೀನಿ. ಮಳೆಗಾಲದಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಆಗ ಲೈವ್ ಬೇಡ, ವಾಟ್ಸಾಪ್‌ನಲ್ಲಿ ಆಡಿಯೋ ಸಾಕು. ಅವರದ್ದೇ ಫೋನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿಸಿ, ಪಿನ್ ಕೇಳೋ ಸ್ಕ್ರೀನಲ್ಲಿ ಯಾರಿಗೆ ಎಷ್ಟು ಹೋಗುತ್ತೆ ಅಂತಿರೋದನ್ನ ಜೋರಾಗಿ ಓದಿಸ್ತೀನಿ. ಮೊದಲೇ ಒಪ್ಪಿಗೆ ಪಡೆದು, ಮುಂದೆ ಯಾವತ್ತೋ ಒಂದಿನ ಮೇಜರ್ ಆಗಿ ನಾನೇ ಫೋನ್ ಮಾಡ್ತೀನಿ. ಒಪ್ಪಿಗೆ ಇಲ್ಲದೆ ಇದನ್ನ ಯಾರೂ ಮಾಡಬೇಡಿ, ಜನ ನೊಂದ್ಕೊಳ್ತಾರೆ. ಅನುಮಾನದ ನಂಬರ್ ಬಂದ್ರೆ ಊರಿನ ಹೋಮ್‌ಸ್ಟೇ ಗುಂಪಿಗೆ ಹಾಕಬೇಕು, ದುಡ್ಡು ಹೋದ್ರೆ ಮರ್ಯಾದೆ ನೋಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ತಡ ಆದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ.

ಸರ್ಟಿಫಿಕೇಟ್ ಬೇಕೇ ಬೇಕು ಅಂದ್ರೆ ಕೊಡ್ತೀನಿ, ತಿಂಗಳಾದ ಮೇಲಿನ ಟೆಸ್ಟ್ ಆದ್ಮೇಲೆ. ದಸರಾ ರಶ್‌ಗೆ ಮುಂಚೆ ಬೇಕು ಅನ್ನೋ ಸಂಘದವರು ದಯವಿಟ್ಟು ಆಗಸ್ಟ್‌ನಲ್ಲೇ ಹೇಳಿ, ಹಬ್ಬದ ಹಿಂದಿನ ವಾರ ಕರೆದ್ರೆ ಎರಡನೇ ಸಲ ಕೇಳೋಕೆ ಟೈಮೇ ಇರಲ್ಲ.