ಕತ್ತರಿಸುವ ತನಕ ಮಾಲು ಎಲ್ಲರದು

ಕಲಬುರಗಿಯ ಕಪನೂರ, ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶಗಳಲ್ಲಿ ಟ್ರಾಲಿ, ನೀರಿನ ಟ್ಯಾಂಕರ್, ಲಾರಿ ಬಾಡಿ ಕಟ್ಟುವ ಯಾವ ಶೆಡ್ಡಿಗೆ ಹೋದರೂ ಹಿಂಗೋಡೆಯ ಬದಿಗೆ ತುಕ್ಕು ಹಿಡಿದ ತುಂಡುಗಳ ಒಂದು ಗುಡ್ಡೆ ಕಾಣಸಿಗುತ್ತದೆ. ಅದನ್ನು ತೋರಿಸಿ ಕೇಳಿದರೆ ಫೋರ್‌ಮನ್ ಹೇಳುವ ಮಾತು ಎಲ್ಲ ಕಡೆಯೂ ಒಂದೇ: "ಇರ್ಲಿ ಬಿಡ್ರಿ ಸರ್, ಮುಂದ ಎಲ್ಲ್ಯಾರ ಕೆಲಸಕ್ಕ ಬರ್ತದ." ಸ್ಟಾಕ್ ಹೆಚ್ಚಾಗಿದೆಯೆಂದು ಮಾಲೀಕರು ನನ್ನನ್ನು ಕರೆಸಿದಾಗ ನಾನು ಮೊದಲು ನೋಡುವುದು ಆ ಗುಡ್ಡೆಯನ್ನೂ ಅಲ್ಲ, ಸ್ಟೋರಿನ ಪುಸ್ತಕವನ್ನೂ ಅಲ್ಲ, ಆರ್ಡರ್ ಬರೆದುಕೊಂಡ ಪುಸ್ತಕವನ್ನು. ಅಳತೆ ಖಚಿತವಾದ ತಾರೀಖು ಯಾವುದು, ಮಾಲು ಕತ್ತರಿಸಿದ ತಾರೀಖು ಯಾವುದು ಎಂಬುದನ್ನು ಹೋಲಿಸಿದರೆ ರೋಗದ ಮೂಲ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

ಒಂದೇ ಮಾದರಿಯ ಗಾಡಿಗಳನ್ನು ಸಾಲಾಗಿ ಇಳಿಸುವ ಕಾರ್ಖಾನೆಯಲ್ಲಿ ಇಂದು ಉಳಿದದ್ದು ನಾಳೆ ಖರ್ಚಾಗುತ್ತದೆ. ಗಿರಾಕಿ ಹೇಳಿದಂತೆ ಕಟ್ಟುವ ನಮ್ಮ ಕೆಲಸದಲ್ಲಿ ಹಾಗಾಗುವುದಿಲ್ಲ. 75 ಮಿ.ಮೀ. ಚಾನಲ್ಲಿನ, ಅಂದರೆ ಇಂಗ್ಲಿಷಿನ C ಆಕಾರದ ಕಬ್ಬಿಣದ, ಇಡೀ ಉದ್ದ ಕಬ್ಬಿನ ಟ್ರಾಲಿಗೂ ಆಗುತ್ತದೆ, ಟ್ಯಾಂಕರಿನ ತಳಕ್ಕೂ ಆಗುತ್ತದೆ. ಒಬ್ಬರ ಅಳತೆಗೆ ಕತ್ತರಿಸಿ ತೂತು ಹಾಕಿದ ಮೇಲೆ ಅದು ಅವರೊಬ್ಬರದೇ. ಆದ್ದರಿಂದ ದಾಸ್ತಾನನ್ನು ಇಡೀ ಉದ್ದದಲ್ಲಿಯೇ ಇಟ್ಟುಕೊಳ್ಳಬೇಕು, ಮತ್ತು ಅಡ್ವಾನ್ಸ್ ಬಂದು ನಕ್ಷೆಯ ಮೇಲೆ ಗಿರಾಕಿಯ ಸಹಿ ಬೀಳುವವರೆಗೆ ಗರಗಸ ತಿರುಗಬಾರದು. ಕೆಲಸವಿಲ್ಲದ ದಿನ ಹುಡುಗರು ಸುಮ್ಮನೆ ಕೂಡಬಾರದೆಂದು ಅಂದಾಜಿನ ಮೇಲೆ ತುಂಡು ಮಾಡಿಸಿಡುವ ಮಾಲೀಕರಿದ್ದಾರೆ. ಆ ದಿನದ ಕೂಲಿ ಉಳಿಸಲು ಹೋಗಿ ಅವರು ಕಬ್ಬಿಣವನ್ನೇ ಕಳೆದುಕೊಳ್ಳುತ್ತಾರೆ.

ಎಷ್ಟು ಕಳೆಯುತ್ತದೆಂಬುದನ್ನು ಒಂದು ಟ್ರಾಲಿಯ ಲೆಕ್ಕದಲ್ಲಿ ನೋಡಬಹುದು. ಅಗಲ ಏಳು ಅಡಿ, ಅಂದರೆ 2,134 ಮಿ.ಮೀ.; ಕೆಳಗೆ ಹತ್ತು ಅಡ್ಡ ಚಾನಲ್. ಆರು ಮೀಟರಿನ ಉದ್ದದಲ್ಲಿ ಇಂಥವು ಎರಡೇ ಬರುತ್ತವೆ, ಐದೂವರೆ ಅಡಿಗೂ ಮೀರಿದ ತುಂಡು ಉಳಿಯುತ್ತದೆ. ಈ ಚಾನಲ್ಲಿನ ತೂಕ ಮೀಟರಿಗೆ 7.14 ಕೆ.ಜಿ. ಆದ್ದರಿಂದ ಹತ್ತು ಅಡ್ಡ ಚಾನಲ್ ತೆಗೆಯುವಷ್ಟರಲ್ಲಿ ಸುಮಾರು 62 ಕೆ.ಜಿ. ತುಂಡು ಬೀಳುತ್ತದೆ. ಅದೇ ಮಾಲನ್ನು ಹನ್ನೆರಡು ಮೀಟರಿನ ಉದ್ದದಲ್ಲಿ ತರಿಸಿದರೆ ಒಂದೊಂದರಲ್ಲಿ ಐದು ಬರುತ್ತವೆ, ಒಟ್ಟು ಉಳಿಕೆ 19 ಕೆ.ಜಿ.ಗೆ ಇಳಿಯುತ್ತದೆ. ಇಪ್ಪತ್ತು ಟ್ರಾಲಿಗಳಿಗೆ ಈ ವ್ಯತ್ಯಾಸ ಎಂಟುನೂರು ಕೆ.ಜಿ. ದಾಟುತ್ತದೆ. ಉದ್ದದ ಮಾಲಿಗೆ ದೊಡ್ಡ ಗಾಡಿ ಬೇಕು, ಬಾಡಿಗೆ ಹೆಚ್ಚು ಎಂಬುದು ನಿಜ. ಅಕ್ಕಪಕ್ಕದ ಎರಡು ಮೂರು ಶೆಡ್ಡಿನವರು ಕೂಡಿ ತರಿಸಿದರೆ ಅದು ಹಂಚಿಹೋಗುತ್ತದೆ. ಇನ್ನು ಗಿರಾಕಿಯೇ ಆರೂವರೆ ಅಡಿ ಅಗಲಕ್ಕೆ ಒಪ್ಪಿದರೆ ಆರು ಮೀಟರಿನಲ್ಲಿಯೇ ಮೂರು ಬಂದು ಸುಮಾರು ಎರಡು ಅಂಗುಲ ಮಾತ್ರ ಉಳಿಯುತ್ತದೆ. ಈ ಮಾತನ್ನು ಆರ್ಡರ್ ಬರೆದುಕೊಳ್ಳುವ ಮೇಜಿನ ಮೇಲೆಯೇ ಆಡಬೇಕು, ಆಮೇಲೆ ಆಡಿ ಫಲವಿಲ್ಲ. ಉಳಿದ ತುಂಡುಗಳಲ್ಲಿ ಮೂರು ಅಡಿಗಿಂತ ಉದ್ದನೆಯವನ್ನು ಅಳತೆ ಬರೆದು ಪ್ರತ್ಯೇಕ ರ್‍ಯಾಕಿನಲ್ಲಿ ಇಡಬೇಕು. ಅದಕ್ಕಿಂತ ಚಿಕ್ಕವು ಅದೇ ವಾರ ಗುಜರಿಗೆ ಹೋಗಬೇಕು.

ಎರಡನೆಯ ತಪ್ಪು ಲೆಕ್ಕದ್ದು. ರ್‍ಯಾಕಿನಲ್ಲಿ ನಲವತ್ತು ಉದ್ದ ಕಂಡರೆ ನಲವತ್ತೂ ನಮ್ಮ ಕೈಯಲ್ಲಿವೆ ಎಂದಲ್ಲ. ಅದರಲ್ಲಿ ಮೂವತ್ತು ಈಗಾಗಲೇ ಒಪ್ಪಿಕೊಂಡ ಗಾಡಿಗಳಿಗೆ ಮೀಸಲಾಗಿರಬಹುದು. ಹೊಸ ಗಾಡಿಗಳಿಗೆ ಬೇಕಾದ ಒಟ್ಟು ಮಾಲಿನಿಂದ ಮೀಸಲಾಗದೆ ಉಳಿದ ಮಾಲನ್ನೂ, ಆರ್ಡರ್ ಹಾಕಿ ದಾರಿಯಲ್ಲಿರುವ ಮಾಲನ್ನೂ ಕಳೆದು ಬಂದಷ್ಟನ್ನೇ ಕೊಳ್ಳಬೇಕು. ಕಂಪ್ಯೂಟರ್ ಇಲ್ಲದ ಶೆಡ್ಡಿನಲ್ಲಿ ಚಾನಲ್ಲಿನ ತುದಿಗೆ ಗಾಡಿಗೊಂದು ಬಣ್ಣ ಬಳಿದರೂ ಸಾಕು.

ಋತುವಿನ ಒತ್ತಡ ಬೇರೆಯೇ. ಆಳಂದ, ಅಫಜಲಪುರ, ಬೀದರ ಕಡೆಯ ಕಬ್ಬಿನ ಗಿರಾಕಿಗಳಿಗೆ ಕಾರ್ಖಾನೆಗಳು ನುರಿಸಲು ಶುರುಮಾಡುವ ಮುನ್ನ ಟ್ರಾಲಿ ಬೇಕು. ಹಾಗೆಂದು ಎಲ್ಲವನ್ನೂ ಶ್ರಾವಣದಲ್ಲಿಯೇ ತುಂಬಿಕೊಳ್ಳುವುದು ಸರಿಯಲ್ಲ. ಚಾನಲ್, ಶೀಟು ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಒಂದೆರಡು ದಿನದಲ್ಲಿ ಬರುತ್ತವೆ. ತಡವಾಗುವುದು ಆ್ಯಕ್ಸಲ್, ಹಬ್ (ಚಕ್ರ ಕೂಡುವ ನಡುಭಾಗ) ಇಂಥವು. ಮುಂಗಡ ಹಣ ಕಟ್ಟುವುದಿದ್ದರೆ ಅವಕ್ಕೆ ಕಟ್ಟಬೇಕು. ಟೈರಿನ ವಿಷಯದಲ್ಲಿ ನಾನೇ ಒಮ್ಮೆ ರಿಯಾಯಿತಿಗೆ ಮರುಳಾಗಿ ಇಪ್ಪತ್ತನಾಲ್ಕು ಕೊಳ್ಳಿಸಿದ್ದೆ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಗಿರಾಕಿಗಳು ಈಗ ಬಗ್ಗಿ ಅದನ್ನು ಓದುತ್ತಾರೆ, ಹಳೆಯ ವರ್ಷ ಕಂಡರೆ ಬೇರೆ ಹಾಕಿರೆನ್ನುತ್ತಾರೆ. ಕೊನೆಯ ಆರನ್ನು ಕೊಂಡದ್ದಕ್ಕಿಂತ ಕಡಿಮೆಗೆ ಕೊಟ್ಟೆವು.

ನಿಯಮ ಬದಲಾದಾಗಲೂ ಕತ್ತರಿಸಿಟ್ಟ ಮಾಲೇ ಮೊದಲು ಸಾಯುತ್ತದೆ. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ಹೊಗೆ ಶುದ್ಧಿಯ ಸಾಧನಗಳು ಅನೇಕ ಲಾರಿಗಳ ಚಾಸಿಯ ಪಕ್ಕದ ಜಾಗವನ್ನು ಹಿಡಿದವು. ಹಳೆಯ ಅಳತೆಗೆ ಮಾಡಿಟ್ಟ ಬ್ರಾಕೆಟ್ಟುಗಳು ಅಲ್ಲಿ ಕೂಡಲಿಲ್ಲ, ಇಡೀ ಉದ್ದದಲ್ಲಿದ್ದ ಆ್ಯಂಗಲ್ಲಿಗೆ (L ಆಕಾರದ ಕಬ್ಬಿಣಕ್ಕೆ) ಏನೂ ಆಗಲಿಲ್ಲ.

ಈಗಾಗಲೇ ಸತ್ತ ಮಾಲಿಗೆ ಒಂದೇ ಒಳ್ಳೆಯ ದಾರಿಯಿದೆ: ಬರುವ ಆರ್ಡರನ್ನು ಅದರ ಸುತ್ತ ಹೊಂದಿಸುವುದು. ಒಬ್ಬ ಗಿರಾಕಿಗೆಂದು ತರಿಸಿದ ಭಾರದ ನಾಲ್ಕು ಆ್ಯಕ್ಸಲ್ ಆತ ಅರ್ಧಕ್ಕೆ ಬಿಟ್ಟುಹೋದ ಮೇಲೆ ಒಂದೂವರೆ ವರ್ಷ ಮೂಲೆಯಲ್ಲಿ ಬಿದ್ದಿದ್ದವು. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಕೇಳಿಕೊಂಡು ಬಂದ ಇಬ್ಬರಿಗೆ ಆ ಆ್ಯಕ್ಸಲ್ಲನ್ನೇ ಮುಂದಿಟ್ಟುಕೊಂಡು ಟ್ಯಾಂಕಿನ ಅಳತೆ ಸೂಚಿಸಿ, ದರದಲ್ಲಿ ಸ್ವಲ್ಪ ಬಿಟ್ಟುಕೊಟ್ಟೆವು, ಒಪ್ಪಿದರು. ಉಳಿದೆರಡು ಇನ್ನೂ ಕಟ್ಟಿಗೆಯ ದಿಮ್ಮಿಗಳ ಮೇಲಿವೆ. ಮಳೆಗೆ ಮುಂಚೆ ಬೇರಿಂಗ್ ಕೂಡುವ ಜಾಗಕ್ಕೆ ಗ್ರೀಸ್ ಬಳಿಸಿ ಗೋಣಿ ಸುತ್ತಿಸಿದ್ದೇನೆ.