ಮಗಳನ್ನು ಕೊಂದವನು ಇವನಲ್ಲ ಎಂದ ತಾಯಿ

1996ರ ಜೂನ್ 13. ಅಮೆರಿಕದ ಐಡಾಹೊ ಫಾಲ್ಸ್ ಎಂಬ ಊರು. 18 ವರ್ಷದ ಆ್ಯಂಜಿ ಡಾಜ್ ಆ ದಿನ ಕೆಲಸಕ್ಕೆ ಬರಲಿಲ್ಲ. ಯಾಕೆ ಬಂದಿಲ್ಲ ಅಂತ ನೋಡಲು ಹೋದ ಜೊತೆ ಕೆಲಸದವರಿಗೆ ಕಂಡದ್ದು ಅವಳ ಶವ. ಮನೆ ಬಿಟ್ಟು ತನ್ನದೇ ಬಾಡಿಗೆ ಮನೆಗೆ ಬಂದು ಕೆಲವೇ ವಾರಗಳಾಗಿದ್ದವು.

ಪೊಲೀಸರಿಗೆ ಸಾಕ್ಷ್ಯ ಸಿಗಲಿಲ್ಲ ಅನ್ನುವ ಹಾಗಿರಲಿಲ್ಲ. ಕೊಂದವನ ವೀರ್ಯ ಅಲ್ಲೇ ಇತ್ತು. ಅದರಿಂದ ಡಿಎನ್ಎ ತೆಗೆದರು. ಅದೆಲ್ಲ ಒಬ್ಬನೇ ಗಂಡಸಿನದು ಅಂತಲೂ ಗೊತ್ತಾಯಿತು. ಇಷ್ಟಿದ್ದೂ ಅವನು ಯಾರು ಅಂತ ತಿಳಿಯಲು 23 ವರ್ಷ ಹಿಡಿಯಿತು. ಅಷ್ಟರೊಳಗೆ ಇನ್ಯಾರೋ 20 ವರ್ಷ ಜೈಲಲ್ಲಿದ್ದು ಬಂದಾಗಿತ್ತು.

ಹೇಗೆ ಅಂತೀರಾ? 1997ರ ಜನವರಿಯಲ್ಲಿ ಕ್ರಿಸ್ ಟ್ಯಾಪ್ ಎಂಬ 20 ವರ್ಷದ ಹುಡುಗನನ್ನು ವಿಚಾರಣೆಗೆ ಕರೆದರು. ಒಂದು ದಿನ ಅಲ್ಲ, ಮತ್ತೆ ಮತ್ತೆ, ಮೂರು ವಾರಕ್ಕೂ ಜಾಸ್ತಿ. ವಿಚಾರಿಸಿದವರಲ್ಲಿ ಒಬ್ಬರು ಅವನಿಗೆ ಶಾಲೆಯ ದಿನಗಳಿಂದಲೇ ಪರಿಚಯ ಇದ್ದ ಪೊಲೀಸ್. ಒಂದು ಕಡೆ ಮರಣದಂಡನೆ ಆಗುತ್ತೆ ಎಂಬ ಹೆದರಿಕೆ, ಇನ್ನೊಂದು ಕಡೆ ಎಲ್ಲ ಹೇಳಿಬಿಟ್ಟರೆ ನಿನ್ನನ್ನು ಬಿಡ್ತೀವಿ ಎಂಬ ಆಸೆ. ನಡುವೆ ಪಾಲಿಗ್ರಾಫ್ ಪರೀಕ್ಷೆಗಳು. ಕೊನೆಗೆ ಅವನು ಒಪ್ಪಿಕೊಂಡ. ಒಪ್ಪಿಕೊಂಡ ಕತೆಯೂ ದಿನಕ್ಕೊಂದು ಥರ. ಮೊದಲು ಗೆಳೆಯನ ಹೆಸರು ಹೇಳಿದ. ಅವನ ಡಿಎನ್ಎ ಹೊಂದಲಿಲ್ಲ. ಇನ್ನೊಬ್ಬನನ್ನು ಸೇರಿಸಿದ. ಅದೂ ಹೊಂದಲಿಲ್ಲ. ಟ್ಯಾಪ್‌ನದಂತೂ ಹೊಂದಲೇ ಇಲ್ಲ. ಆಗ ಪೊಲೀಸರು ಏನು ಮಾಡಬೇಕಿತ್ತು? ನಮ್ಮ ಕತೆ ತಪ್ಪು ಅಂತ ಕೈಬಿಡಬೇಕಿತ್ತು, ಅಲ್ವಾ? ಬಿಡಲಿಲ್ಲ. ಕೊಲೆಯಲ್ಲಿ ಹಲವರು ಇದ್ದರು, ವೀರ್ಯ ಬಿಟ್ಟವನು ಇನ್ನೂ ಸಿಕ್ಕಿಲ್ಲ, ಟ್ಯಾಪ್ ಜೊತೆಗಿದ್ದವನು ಅಂತ ಕತೆಯನ್ನೇ ಹಿಗ್ಗಿಸಿದರು. 1998ರಲ್ಲಿ ಅವನಿಗೆ ಶಿಕ್ಷೆಯೂ ಆಯಿತು.

ಈ ಪಾಲಿಗ್ರಾಫ್ ಬಗ್ಗೆ ಒಂದು ಮಾತು. ಸುಳ್ಳು ಹಿಡಿಯುವ ಯಂತ್ರ ಅಂತ ಅದಕ್ಕೆ ಹೆಸರು, ಆದರೆ ಅದು ಅಳೆಯುವುದು ಉಸಿರು, ನಾಡಿ, ರಕ್ತದೊತ್ತಡ ಮತ್ತು ಅಂಗೈ ಬೆವರು. ಸುಳ್ಳು ಹೇಳುವವನೂ ಬೆವರುತ್ತಾನೆ, ಹೆದರಿದವನೂ ಬೆವರುತ್ತಾನೆ. ಯಾವ ಬೆವರು ಯಾತರದ್ದು ಅಂತ ಯಂತ್ರಕ್ಕೇನು ಗೊತ್ತು? ನಮ್ಮಲ್ಲಿ ಒಪ್ಪಿಗೆ ಇಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಆ ಕೇಸಿನ ಹೆಸರು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನಮ್ಮ ಕೋರ್ಟುಗಳು ಸಾಕ್ಷ್ಯವಾಗಿ ತಗೊಳ್ಳುವುದೂ ಇಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ತಪ್ಪೊಪ್ಪಿಗೆ ಇದ್ದರೆ ಜ್ಯೂರಿಗೆ, ಅಂದರೆ ತೀರ್ಪು ಕೊಡುವ ಸಾಮಾನ್ಯ ಜನರ ತಂಡಕ್ಕೆ, ಎಷ್ಟೋ ಸಲ ಬೇರೇನೂ ಬೇಡ. ಮಾಡದ ತಪ್ಪನ್ನು ಯಾರಾದರೂ ಒಪ್ಕೋತಾರಾ ಅಂತ ನಮಗನಿಸುತ್ತೆ. ಒಪ್ಕೋತಾರೆ. ಅಲ್ಲಿ ಡಿಎನ್ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಹೊರಬಂದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಕೇಸಲ್ಲಿ ಸುಳ್ಳು ತಪ್ಪೊಪ್ಪಿಗೆ ಇತ್ತು.

ಆ್ಯಂಜಿಯ ತಾಯಿ ಕ್ಯಾರೊಲ್ ಡಾಜ್ ಮೊದಲು ಇದನ್ನೆಲ್ಲ ನಂಬಿದ್ದರು. ನಂಬದೆ ಏನು ಮಾಡ್ತಾರೆ, ಹುಡುಗ ತಾನೇ ಒಪ್ಪಿಕೊಂಡಿದ್ದಾನಲ್ಲ. ಆದರೆ ಆ ವೀರ್ಯ ಯಾರದು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಕೊನೆಗೆ ವಿಚಾರಣೆಯ ವಿಡಿಯೊ ಟೇಪುಗಳನ್ನೇ ತರಿಸಿಕೊಂಡು ನೋಡಲು ಕೂತರು. ಮಗಳ ಸಾವಿನ ವಿವರವನ್ನು ಗಂಟೆಗಟ್ಟಲೆ ಟೀವಿಯಲ್ಲಿ ನೋಡುವುದು ಅಂದರೆ ಸುಮ್ನೆ ಮಾತಲ್ಲ. ನೋಡುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು: ಈ ಹುಡುಗ ಏನನ್ನೂ ಹೇಳುತ್ತಿಲ್ಲ, ಇವನಿಗೇ ಹೇಳಿಕೊಡುತ್ತಿದ್ದಾರೆ. ಅಲ್ಲಿಂದ ಕ್ಯಾರೊಲ್ ಎರಡು ಹೋರಾಟ ಒಟ್ಟಿಗೆ ಶುರು ಮಾಡಿದರು. ಒಂದು, ಟ್ಯಾಪ್‌ನನ್ನು ಬಿಡಿಸಬೇಕು. ಇನ್ನೊಂದು, ಆ ಡಿಎನ್ಎ ಯಾರದ್ದು ಅಂತ ಹುಡುಕಿಸಬೇಕು. ಸುಳ್ಳು ತಪ್ಪೊಪ್ಪಿಗೆಗಳನ್ನು ಅಧ್ಯಯನ ಮಾಡುವ ವಕೀಲರನ್ನು ತಾವೇ ಸಂಪರ್ಕಿಸಿದರು, ಪೊಲೀಸರ ಬೆನ್ನು ಬಿಡಲಿಲ್ಲ.

ಡಿಎನ್ಎ ಇದ್ದ ಮೇಲೆ ಯಾಕೆ ಇಷ್ಟು ತಡ? ಪೊಲೀಸರ ಡೇಟಾಬೇಸ್ ನೋಡುವುದು ಡಿಎನ್ಎಯ ಸುಮಾರು 20 ಜಾಗಗಳನ್ನು ಮಾತ್ರ. ಅಲ್ಲಿ ಒಂದೇ ಅಕ್ಷರಗುಂಪು ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸುತ್ತಾರೆ. ಇವನು ಅವನೇನಾ ಎಂಬ ಪ್ರಶ್ನೆಗೆ ಇಷ್ಟು ಧಾರಾಳ ಸಾಕು. ಆದರೆ ಕೊಂದವನ ಹೆಸರು ಆ ಡೇಟಾಬೇಸಿನಲ್ಲಿ ಇಲ್ಲದಿದ್ದರೆ? ಉತ್ತರ ಖಾಲಿ. ಅವನ ದೂರದ ನೆಂಟ ಯಾರು ಅಂತ ಹೇಳಲು 20 ಜಾಗ ಎಲ್ಲಿ ಸಾಲುತ್ತೆ?

2014ರಲ್ಲಿ ಇನ್ನೊಂದು ದಾರಿ ಹಿಡಿದರು. ವೈ ಕ್ರೋಮೊಸೋಮ್, ಅಂದರೆ ಗಂಡಸರಲ್ಲಿ ಮಾತ್ರ ಇರುವ ಡಿಎನ್ಎ ಎಳೆ. ಇದು ನಮ್ಮ ಗೋತ್ರದ ಹಾಗೆ ನೋಡಿ, ಅಪ್ಪನಿಂದ ಮಗನಿಗೆ, ಅವನಿಂದ ಅವನ ಮಗನಿಗೆ, ಹೆಚ್ಚು ಕಡಿಮೆ ಬದಲಾಗದೆ ಇಳಿಯುತ್ತೆ. (ತುಳುನಾಡಿನವರು ಕೇಳಬಹುದು, ನಮ್ಮ ಕುಲ, ಅಂದರೆ ‘ಬಳಿ’, ತಾಯಿಯಿಂದ ಬರುತ್ತಲ್ಲ ಅಂತ. ಅದಕ್ಕೂ ಜೋಡಿ ಇದೆ. ಮೈಟೊಕಾಂಡ್ರಿಯದ ಡಿಎನ್ಎ ತಾಯಿಯಿಂದ ಮಾತ್ರ ಬರುತ್ತೆ.) ಜನ ವಂಶ ಹುಡುಕಾಟಕ್ಕೆ ಅಂತ ಕೊಟ್ಟಿದ್ದ ಮಾದರಿಗಳ ಒಂದು ಸಂಗ್ರಹದಲ್ಲಿ ನೋಡಿದಾಗ 35ರಲ್ಲಿ 34 ಗುರುತು ಹೊಂದಿದ ಒಬ್ಬರು ಸಿಕ್ಕರು. ಅವರು ಎಷ್ಟೋ ವರ್ಷದ ಹಿಂದೆ ಚರ್ಚಿನ ಮೂಲಕ ಮಾದರಿ ಕೊಟ್ಟಿದ್ದರು. ವಯಸ್ಸು ಹೊಂದದ ಕಾರಣ ಪೊಲೀಸರ ಕಣ್ಣು ಅವರ ಮಗನ ಮೇಲೆ ಬಿತ್ತು. ಮಗ ಸಿನಿಮಾ ಮಾಡುವವನು, ಕೊಲೆಯ ಕತೆಯೊಂದನ್ನು ಸಿನಿಮಾ ಮಾಡಿಯೂ ಇದ್ದ! ಕೆನ್ನೆಯ ಒಳಗಿಂದ ಎಂಜಲಿನ ಮಾದರಿ ತೆಗೆದುಕೊಂಡರು. ಕೆಲವು ವಾರ ಪಾಪ ಆ ಮನುಷ್ಯ ಕೊಲೆಯ ಅನುಮಾನ ಹೊತ್ತು ತಿರುಗಿದ. ಆಮೇಲೆ ಇವನಲ್ಲ ಅಂತ ಉತ್ತರ ಬಂತು.

35ರಲ್ಲಿ 34 ಅಂದರೆ ಭಾರೀ ಹತ್ತಿರ ಅನಿಸುತ್ತೆ, ಅಲ್ವಾ? ಆದರೆ ಒಂದೇ ಗೋತ್ರದವರೆಲ್ಲ ಒಂದೇ ಮನೆಯವರಲ್ಲ. ಇಬ್ಬರಿಗೂ ಸಮಾನನಾದ ಮೂಲಪುರುಷ ಹತ್ತು ತಲೆಮಾರಿನ ಹಿಂದೆ ಇದ್ದಿರಬಹುದು.

ಬೀಗ ತೆಗೆದದ್ದು ಮೂರನೇ ದಾರಿ, ವಂಶಾವಳಿ ಡಿಎನ್ಎ. 2018ರಲ್ಲಿ ಕ್ಯಾಲಿಫೋರ್ನಿಯದ ಗೋಲ್ಡನ್ ಸ್ಟೇಟ್ ಕಿಲ್ಲರ್ ಎಂಬ ಸರಣಿ ಕೊಲೆಗಾರ ಸಿಕ್ಕಿಬಿದ್ದಿದ್ದೂ ಇದರಿಂದಲೇ. ಇಲ್ಲಿ 20 ಅಲ್ಲ, ಲಕ್ಷಗಟ್ಟಲೆ ಜಾಗಗಳನ್ನು ಓದುತ್ತಾರೆ. ಇಬ್ಬರ ಡಿಎನ್ಎಯಲ್ಲಿ ಎಷ್ಟು ಉದ್ದದ ತುಂಡುಗಳು ಒಂದೇ ಥರ ಇವೆ ಅಂತ ಅಳೆಯುತ್ತಾರೆ. ಆ ಅಳತೆಗೆ ಸೆಂಟಿಮಾರ್ಗನ್ ಎಂದು ಹೆಸರು. ಅಪ್ಪ ಮಗನಿಗೆ ಸುಮಾರು 3,400. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿಗೆ ಸುಮಾರು 850. ಮುತ್ತಜ್ಜನ ಅಪ್ಪ ಅಮ್ಮ ಮಾತ್ರ ಒಂದಾಗಿದ್ದರೆ 70ರ ಆಸುಪಾಸು, ಕೆಲವೊಮ್ಮೆ ಏನೂ ಇಲ್ಲ. ನಮ್ಮ ಕಡೆ ಈ ಲೆಕ್ಕ ಸ್ವಲ್ಪ ಎಡವಟ್ಟಾಗುತ್ತೆ. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡಿದ ಮನೆಗಳಲ್ಲಿ ಒಬ್ಬನೇ ಅಜ್ಜ ವಂಶವೃಕ್ಷದಲ್ಲಿ ಎರಡು ಕಡೆ ಬರುತ್ತಾನೆ, ಹಾಗಾಗಿ ದೂರದವರೂ ಹತ್ತಿರದವರ ಥರ ಕಾಣುತ್ತಾರೆ.

ಮಾದರಿ ಹಳೆಯದಾಗಿ ಹಾಳಾಗಿತ್ತು. ಆದರೂ ಪ್ಯಾರಬಾನ್ ಎಂಬ ಕಂಪನಿಯ ವಂಶಾವಳಿ ತಜ್ಞೆ ಸೀಸಿ ಮೂರ್ ಅದರಿಂದ ದೂರದ ನೆಂಟರನ್ನು ಹುಡುಕಿದರು. ಆಮೇಲಿನ ಕೆಲಸ ಪ್ರಯೋಗಾಲಯದ್ದಲ್ಲ. ಜನನ, ಮದುವೆ, ಸಾವಿನ ದಾಖಲೆ ಕೆದಕಿ ಮೇಲಕ್ಕೆ ಹತ್ತಿ ಒಬ್ಬ ಮೂಲಪುರುಷನನ್ನು ಹಿಡಿಯಬೇಕು, ಮತ್ತೆ ಕೆಳಗಿಳಿದು ಅವನ ಮರಿಮಕ್ಕಳನ್ನೆಲ್ಲ ಪಟ್ಟಿ ಮಾಡಬೇಕು. ಮೊದಲ ಪಟ್ಟಿಯಿಂದ ಪರೀಕ್ಷಿಸಿದ್ದು ಹೊಂದಲಿಲ್ಲ. ಮೂರ್ ಮತ್ತೆ ಹುಡುಕಿದರು. ಒಂದು ಕೊಂಬೆ ಕಾಗದದಲ್ಲಿ ಕಾಣೆಯಾಗಿತ್ತು. ಮದುವೆ ಮುರಿದು, ತಾಯಿ ಮರುಮದುವೆಯಾಗಿ, ಮಗುವಿನ ಅಡ್ಡಹೆಸರು ಬದಲಾದರೆ ಹೀಗೇ ಆಗುವುದು. ಹೆಸರು ಬದಲಾಗುತ್ತೆ, ಡಿಎನ್ಎ ಬದಲಾಗಲ್ಲ.

ಆ ಕೊಂಬೆಯ ತುದಿಯಲ್ಲಿ ಸಿಕ್ಕವನು ಬ್ರಯನ್ ಡ್ರಿಪ್ಸ್. ಪೊಲೀಸರು ಅವನ ಹಿಂದೆ ಬಿದ್ದರು. ಕಾರಿನಿಂದ ಎಸೆದ ಸಿಗರೇಟ್ ತುಂಡನ್ನು ಎತ್ತಿಕೊಂಡರು. ಅದರ ತುದಿಯ ಎಂಜಲು 1996ರ ಡಿಎನ್ಎಗೆ ಹೊಂದಿತು. 2019ರ ಮೇ ತಿಂಗಳಲ್ಲಿ ಬಂಧನ. ಅವನೂ ಒಪ್ಪಿಕೊಂಡ, ಆದರೆ ಇಲ್ಲಿ ತಪ್ಪೊಪ್ಪಿಗೆಯೂ ಡಿಎನ್ಎಯೂ ಒಂದೇ ಮಾತು ಹೇಳುತ್ತಿದ್ದವು. ಕೊಲೆಯಾದಾಗ ಅವನು ಇದ್ದದ್ದು ಆ್ಯಂಜಿಯ ಮನೆ ಎದುರಿಗೇ. ಅಕ್ಕಪಕ್ಕದವರನ್ನು ವಿಚಾರಿಸುವಾಗ ಪೊಲೀಸರು ಅವನನ್ನೂ ಮಾತಾಡಿಸಿದ್ದರು. ಎಂಜಲಿನ ಮಾದರಿ ಮಾತ್ರ ಕೇಳಿರಲಿಲ್ಲ.

ಟ್ಯಾಪ್ 2017ರಲ್ಲೇ ಹೊರಗೆ ಬಂದಿದ್ದ, ಆದರೆ ಒಪ್ಪಂದದ ಮೇಲೆ. ಅತ್ಯಾಚಾರದ ಆರೋಪ ಬಿಟ್ಟರು, ಕೊಲೆಗಾರ ಎಂಬ ಹಣೆಪಟ್ಟಿ ಉಳಿಯಿತು. ಅದು ಹೋದದ್ದು 2019ರ ಜುಲೈನಲ್ಲಿ. ಆ ದಿನ ಕೋರ್ಟಿನಲ್ಲಿ ಕ್ಯಾರೊಲ್ ಕೂಡ ಇದ್ದರು. ವಂಶಾವಳಿ ಡಿಎನ್ಎಯಿಂದ ನಿರಪರಾಧಿ ಎಂದು ಸಾಬೀತಾದ ಮೊದಲ ವ್ಯಕ್ತಿ ಅವನು. 2021ರಲ್ಲಿ ಡ್ರಿಪ್ಸ್‌ಗೆ ಶಿಕ್ಷೆಯಾಯಿತು. ಕನಿಷ್ಠ 20 ವರ್ಷ, ಸರಿಸುಮಾರು ಟ್ಯಾಪ್ ಕಳೆದಷ್ಟೇ. ಮರುವರ್ಷ ಐಡಾಹೊ ಫಾಲ್ಸ್ ನಗರಾಡಳಿತ ಟ್ಯಾಪ್‌ಗೆ 1 ಕೋಟಿ 17 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಆ ದುಡ್ಡಿನಲ್ಲಿ ಅವನು ಹೆಚ್ಚು ದಿನ ಬದುಕಲಿಲ್ಲ. 2023ರ ನವೆಂಬರಿನಲ್ಲಿ, 47ನೇ ವಯಸ್ಸಿಗೆ, ಲಾಸ್ ವೇಗಸ್‌ನಲ್ಲಿ ತೀರಿಕೊಂಡ. ತನಿಖೆಯ ನಂತರ ಅದನ್ನೂ ಕೊಲೆ ಎಂದೇ ದಾಖಲಿಸಿದರು.