ಕೆಆರ್‌ಎಸ್ ಮಟ್ಟ ನೋಡುವವರಿಗೆ ಆಕಾಶದ ಲೆಕ್ಕ

ಮುಂಗಾರು ಶುರುವಾದರೆ ಮಂಡ್ಯದ ಕಡೆ ಬೆಳಗ್ಗೆ ಪೇಪರ್ ಕೈಗೆ ಬಂದ ತಕ್ಷಣ ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಟೀ ಅಂಗಡಿಯಲ್ಲಿ ಕೂತವರು ಅಷ್ಟನ್ನೇ ನೋಡಿ ಈ ಸಲ ಭತ್ತಕ್ಕೆ ನಾಲೆ ನೀರು ಸಿಗುತ್ತದೋ ಇಲ್ಲವೋ ಹೇಳಿಬಿಡುತ್ತಾರೆ. ಒಳಹರಿವು ನಿನ್ನೆಗಿಂತ ಕಡಿಮೆಯಾದ ಮಾತ್ರಕ್ಕೆ ಕಟ್ಟೆಯ ಮಟ್ಟ ಇಳಿಯುವುದಿಲ್ಲ ಅನ್ನುವುದು ಅವರಿಗೆ ಯಾರೂ ಕಲಿಸಬೇಕಿಲ್ಲ. ಹೋಗುವುದಕ್ಕಿಂತ ಬರುವುದು ಜಾಸ್ತಿ ಇರುವವರೆಗೂ ನೀರು ಏರುತ್ತಲೇ ಇರುತ್ತದೆ.

ಭೂಮಿಯನ್ನು ಬಿಸಿ ಮಾಡುತ್ತಿರುವ, ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಲೆಕ್ಕವೂ ಇದೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಸಿಮೆಂಟ್ ಇವೆಲ್ಲ ಒಳಹರಿವು. ಕಡಲು ಮತ್ತು ಕಾಡು ಹೊರಹರಿವು. ನಾವು ಬಿಟ್ಟದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಅವು ಹೀರಿಕೊಳ್ಳುತ್ತವೆ, ಉಳಿದದ್ದು ಗಾಳಿಯಲ್ಲೇ ಸೇರುತ್ತಾ ಹೋಗುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು 280 ಭಾಗ ಇತ್ತು. ಈಗ 420 ದಾಟಿದೆ. ಕಟ್ಟೆ ತುಂಬಿದರೆ ಗೇಟ್ ಎತ್ತಬಹುದು, ಆಕಾಶಕ್ಕೆ ಗೇಟ್ ಇಲ್ಲ.

2070ಕ್ಕೆ ನೆಟ್ ಝೀರೋ ಮುಟ್ಟುತ್ತೇವೆ ಎಂದು ಭಾರತ 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಹೇಳಿತು. ಅಂದರೆ ಆ ಹೊತ್ತಿಗೆ ನಮ್ಮ ಪಾಲಿನ ಒಳಹರಿವು ಹೊರಹರಿವು ಸಮ ಆಗಬೇಕು. ಅದು ದೂರದ ಮಾತು. ಹತ್ತಿರದ ಗುರಿ 2030ರದು. ಅದನ್ನು ಅಳೆಯುವ ಕೋಲೇ ಬೇರೆ.

ಈ ಕೋಲು ಅರ್ಥವಾಗಬೇಕಾದರೆ ಒಂದು ಆಲೆಮನೆಗೆ ಬನ್ನಿ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿದೆ. ಅಂಗಳದಲ್ಲಿ ಒಣಗಿಸಿದ ಸಿಪ್ಪೆಯನ್ನು ಒಬ್ಬರು ಬಿಡುವಿಲ್ಲದೆ ಒಲೆಯ ಬಾಯಿಗೆ ತಳ್ಳುತ್ತಿದ್ದಾರೆ. ಒಂದು ಕೊಪ್ಪರಿಗೆಗೆ 10 ಹೊರೆ ಸಿಪ್ಪೆ ಬೇಕು, ದಿನಕ್ಕೆ 3 ಕೊಪ್ಪರಿಗೆ ಇಳಿಸುತ್ತಾರೆ ಅಂದುಕೊಳ್ಳಿ. 30 ಹೊರೆ ಆಯಿತು. ಯಜಮಾನರು ಒಲೆಯನ್ನು ಚೆನ್ನಾಗಿ ಕಟ್ಟಿಸಿದರು, ಈಗ ಕೊಪ್ಪರಿಗೆಗೆ 6 ಹೊರೆ ಸಾಕು. ಶೇ. 40 ಉಳಿತಾಯ! ಆದರೆ ವ್ಯಾಪಾರ ಬೆಳೆದು ದಿನಕ್ಕೆ 6 ಕೊಪ್ಪರಿಗೆ ಇಳಿಸುತ್ತಿದ್ದಾರೆ. ಒಟ್ಟು ಉರಿದದ್ದು 36 ಹೊರೆ. ಬೆಲ್ಲದ ಲೆಕ್ಕದಲ್ಲಿ ಹೊಗೆ ಇಳಿಯಿತು, ಹೊಗೆಗೂಡಿನ ಲೆಕ್ಕದಲ್ಲಿ ಏರಿತು. ಎರಡೂ ನಿಜ. (ಸಿಪ್ಪೆಯ ಕಾರ್ಬನ್ ಕಬ್ಬು ಬೆಳೆಯುವಾಗ ಗಾಳಿಯಿಂದಲೇ ಎಳೆದುಕೊಂಡದ್ದು, ಅದಕ್ಕೇ ಅದು ಕಲ್ಲಿದ್ದಲಿನಷ್ಟು ಪಾಪದ್ದಲ್ಲ. ಇಲ್ಲಿ ಲೆಕ್ಕ ತಿಳಿಯಲು ಮಾತ್ರ ತೆಗೆದುಕೊಂಡೆ.)

ನಮ್ಮ ದೇಶದ ಗುರಿ ಬೆಲ್ಲದ ಲೆಕ್ಕದ್ದು. ದೇಶ ದುಡಿಯುವ ಒಂದೊಂದು ರೂಪಾಯಿಗೆ ಎಷ್ಟು ಹೊಗೆ ಅನ್ನುವುದನ್ನು 2005ಕ್ಕೆ ಹೋಲಿಸಿ ನೋಡುತ್ತಾರೆ. 2015ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಇದನ್ನು 2030ರೊಳಗೆ ಶೇ. 33ರಿಂದ 35ರಷ್ಟು ಇಳಿಸುತ್ತೇವೆ ಎಂದೆವು. 2020ಕ್ಕೇ ಶೇ. 36 ಇಳಿದಿತ್ತು. 2022ರಲ್ಲಿ ಗುರಿಯನ್ನು ಶೇ. 45ಕ್ಕೆ ಏರಿಸಿದರು. ಇದು ಸಣ್ಣ ಸಾಧನೆಯಲ್ಲ. ಆದರೆ ಅಷ್ಟೇ ಅವಧಿಯಲ್ಲಿ ಒಟ್ಟು ಹೊಗೆ ಏರಿದೆ.

ಇದನ್ನು ಮೋಸ ಅನ್ನುವವರ ಜೊತೆ ನಾನಿಲ್ಲ. ಭಾರತದ ಒಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅಮೆರಿಕದ ಒಬ್ಬರ ಪಾಲಿಗೆ ಸುಮಾರು 14 ಟನ್. ಈಗಷ್ಟೇ ಮನೆಗೆ ಫ್ರಿಡ್ಜ್ ತಂದವರಿಗೆ ಅದನ್ನು ಆರಿಸಿ ಎಂದು ಹೇಳಲಾಗುತ್ತದೆಯೇ? ಗುರಿ ಹಾಕುವಾಗ ಈ ನ್ಯಾಯದ ಪ್ರಶ್ನೆ ಬರಲೇಬೇಕು.

ಎರಡನೆಯ ಗುರಿ ಕರೆಂಟಿನದು. ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧ, ಕಲ್ಲಿದ್ದಲು ಗ್ಯಾಸು ಬಿಟ್ಟು ಬೇರೆಯದರಿಂದ ಬರಬೇಕು. 2030ಕ್ಕೆ ಎಂದಿದ್ದು 2025ರಲ್ಲೇ ಮುಟ್ಟಿತು. ಸಂತೋಷದ ಸುದ್ದಿ. ಆದರೂ ದೇಶದಲ್ಲಿ ತಯಾರಾಗುವ 10 ಯೂನಿಟ್‌ನಲ್ಲಿ ಸುಮಾರು 7 ಈಗಲೂ ಕಲ್ಲಿದ್ದಲಿನದೇ. ಯಾಕೆ ಹೀಗೆ? ಉತ್ತರ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿದೆ.

1902ರಲ್ಲಿ ಅಲ್ಲಿಂದ 140 ಕಿ.ಮೀ.ಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಯಂತ್ರಗಳೇನೋ ಇದ್ದವು, ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ತಿರುಗಿಸಲು ನೀರು ಬೇಕಲ್ವಾ? ಕೆಆರ್‌ಎಸ್ ಕಟ್ಟಲು ಹೊರಟದ್ದಕ್ಕೆ ಇದೂ ಒಂದು ಕಾರಣ. ನಾಲೆಗೆ ನೀರು ಬೇಕಿದ್ದಂತೆ, ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಬೇಕಿತ್ತು. ಇಂದು ಸೋಲಾರ್‌ನದೂ ಅದೇ ಕಥೆ. ಬಿಸಿಲು ಇಳಿದ ಮೇಲೆ ಫಲಕ ಎಷ್ಟಿದ್ದರೂ ಸುಮ್ನೆ ನಿಂತಿರುತ್ತದೆ. ಜನ ಮನೆ ಸೇರಿ ದೀಪ, ಟಿವಿ, ಮಿಕ್ಸಿ ಹಾಕುವುದು ಆಗಲೇ. ಫಲಕ ಹಾಕಿದ್ದಾಗಿದೆ, ಈಗ ಕಟ್ಟೆ ಕಟ್ಟಬೇಕು. ದೊಡ್ಡ ಬ್ಯಾಟರಿಯೋ, ಹಗಲಿನ ಕರೆಂಟಿನಿಂದ ನೀರನ್ನು ಮೇಲಿನ ಕೆರೆಗೆ ಎತ್ತಿ ರಾತ್ರಿ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜೋ, ಯಾವುದಾದರೂ ಸರಿ. ಮುಂದಿನ ಗುರಿಯನ್ನು ಸಾಮರ್ಥ್ಯದಲ್ಲಿ ಅಲ್ಲ, ನಿಜವಾಗಿ ಮನೆಗೆ ಬಂದ ಯೂನಿಟ್‌ನಲ್ಲಿ ಅಳೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2070 ನಮ್ಮಲ್ಲಿ ಎಷ್ಟೋ ಜನ ಕಾಣದ ವರ್ಷ. ನಡುವೆ ಮೆಟ್ಟಿಲು ಬೇಕು. ಬ್ರಿಟನ್ 2008ರಲ್ಲಿ ಕಾನೂನೇ ಮಾಡಿ, ಐದೈದು ವರ್ಷಕ್ಕೆ ಒಟ್ಟು ಇಷ್ಟೇ ಹೊಗೆ ಎಂದು ಬಜೆಟ್ ಹಾಕಿತು. ಲೆಕ್ಕ ನೋಡಲು ಸರ್ಕಾರದಿಂದ ಸ್ವತಂತ್ರವಾದ ಸಮಿತಿಯನ್ನೂ ಇಟ್ಟಿತು. ಅವರ ಅಂಕಿ ನಮಗೆ ಬೇಡ, ಆ ಪದ್ಧತಿ ಬೇಕು.

ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಆಗ ಸುಮಾರು 315 ಇತ್ತು. ಈಗ ಆ ಮಟ್ಟ ದಿನದಿನವೂ ಪ್ರಕಟವಾಗುತ್ತದೆ, ಥೇಟ್ ನಮ್ಮ ಕಟ್ಟೆಯ ಮಟ್ಟದಂತೆ. ಮೈಸೂರು, ಮಂಡ್ಯದ ಪತ್ರಿಕೆಗಳು ಕೆಆರ್‌ಎಸ್ ಮಟ್ಟದ ಕೆಳಗೆ ಅದನ್ನೂ ಒಂದು ಸಾಲು ಹಾಕಲಿ. ಟೀ ಅಂಗಡಿಯವರು ಓದಿಕೊಳ್ಳುತ್ತಾರೆ.